ನಡುವೆ ನಿಂತ ಮುಳ್ಳು

ರಂಜನ್‌ನ ಫೋನ್ ಬಂದಾಗ ನಾನು ನವಿ ಮುಂಬೈಯ ಮಹಾಪೆಯ ಆಫೀಸ್ ಕ್ಯಾಂಟೀನಿನಲ್ಲಿ ಅವಲಕ್ಕಿ ಪೋಹೆಯ ಪಾತ್ರೆ ಇಳಿಸಿಕೊಳ್ಳುತ್ತಿದ್ದೆ. ಗ್ಯಾರೇಜಿನ ರಂಜನ್ ಅಂತ ಹೆಸರು ನೋಡಿ ಕಟ್ ಮಾಡಿದೆ. ಮತ್ತೆ ಬಂತು, ಮತ್ತೆ ಕಟ್ ಮಾಡಿದೆ. ಆಮೇಲೆ ಬೈಯಲಿಕ್ಕೆಂದೇ ತೆಗೆದೆ.

"ಉಮಕ್ಕ, ನಿಮಗೆ ಕೋಪ ಉಂಟು ಅಂತ ಗೊತ್ತುಂಟು ನನಗೆ," ಅಂದ. "ಆದ್ರೆ ಒಂದು ಕೆಲಸ ಉಂಟು. ನಿಮ್ಮಿಂದ ಮಾತ್ರ ಆಗುವಂಥದ್ದು."

"ನನ್ನಿಂದ ಎಂಜಿನ್ ಸುಡ್ಲಿಕ್ಕೆ ಮಾತ್ರ ಆಗುದು ಅಂತ ಊರಿಡೀ ಹೇಳಿದ್ದು ನೀವೇ ಅಲ್ವಾ?"

ಅವನು ನಕ್ಕ. "ಹಳೇ ಕಥೆ ಬಿಡಿ ಮಾರಾಯ್ರೆ. ಒಂದು ಹಳೇ ಆಸ್ಟಿನ್ ಕಾರು ಬಂದಿದೆ. ಸ್ಪೀಡೋಮೀಟರ್, ಪೆಟ್ರೋಲ್, ಆಯಿಲ್, ಟೆಂಪರೇಚರ್, ಒಂದಕ್ಕೂ ಜೀವ ಇಲ್ಲ. ಅಕ್ಷಯ ತೃತೀಯಕ್ಕೆ ಪಾರ್ಟಿಗೆ ಕೊಡ್ಬೇಕು."

"ಪಾರ್ಟಿ ಯಾರು?"

"ಪುಂಡರೀಕಾಕ್ಷ ರಾಯರು."

ನಾನು ಸೌಟು ಕೆಳಗಿಟ್ಟೆ.

ಹಳೇ ಕಾರುಗಳ ಮೀಟರ್ ರಿಪೇರಿ ನನ್ನ ನಿಜವಾದ ಕೆಲಸ. ಮದುವೆಗೆ ಮೊದಲು ಮುಂಬೈ ಪಕ್ಕದ ಠಾಣೆ ಊರಿನ ಒಂದು ಮೀಟರ್ ಫ್ಯಾಕ್ಟರಿಯಲ್ಲಿ ಹೆಂಗಸರ ಲೈನಿನಲ್ಲಿ ಕೂತು ಮುಳ್ಳು ಕೂರಿಸುತ್ತಿದ್ದೆ. ಫ್ಯಾಕ್ಟರಿ ಮುಚ್ಚಿತು, ಕೈಗೆ ಹತ್ತಿದ ವಿದ್ಯೆ ಮುಚ್ಚಲಿಲ್ಲ. ರಬಾಳೆಯಲ್ಲಿ ಒಂದು ಗಾಲಾದ, ಅಂದರೆ ಬಾಡಿಗೆ ವರ್ಕ್‌ಶಾಪಿನ, ಮೂಲೆ ಹಿಡಿದು ಅಕ್ಷರ ಅಳಿಸಿಹೋದ ಡಯಲ್ ಬರೆಯುತ್ತಿದ್ದೆ, ಸತ್ತ ಮುಳ್ಳು ಎಬ್ಬಿಸುತ್ತಿದ್ದೆ. ಪುಣೆಯಿಂದ, ನಾಸಿಕ್‌ನಿಂದ ಗ್ಯಾರೇಜಿನವರು ಡಬ್ಬಿಯಲ್ಲಿ ಹತ್ತಿ ಸುತ್ತಿ ಮೀಟರ್ ಕಳಿಸುತ್ತಿದ್ದರು. ಎಲ್ಲ ಆರು ವರ್ಷದ ಹಿಂದೆ ಮುಗಿಯಿತು, ರಾಯರ ಹಿಲ್‌ಮನ್ ಕಾರಿನ ದೆಸೆಯಿಂದ.

ರಾಯರಿಗೆ ಠಾಣೆಯ ನೌಪಾಡಾದಲ್ಲಿ ಹೋಟೆಲು, ಹಳೇ ಕಾರಿನ ಹುಚ್ಚು. ಅವರಲ್ಲಿ ಒಂದು ಪದ್ಧತಿ ಉಂಟು. ಕಾರು ಎಷ್ಟೇ ಹಳೆಯದಿರಲಿ, ಮನೆಗೆ ಬಂದದ್ದು ಹೊಸ ಗಾಡಿಯೇ. ಹೋಟೆಲಿನ ಎದುರು ನಿಲ್ಲಿಸಿ ಪೂಜೆ. ಪೂಜೆಗೆ ನಿಂತ ಮೇಲೆ ಎಂಜಿನ್ ಬಂದ್ ಮಾಡುವಂತಿಲ್ಲ. ದೇವಸ್ಥಾನ ಮುಟ್ಟಿ ತಿರುಗಿ ಬರುವ ತನಕ ಅದರ ಉಸಿರು ನಿಲ್ಲಬಾರದು ಅಂತ ರಾಯರ ಅಪ್ಪ ಹೇಳಿದ್ದಂತೆ. ಹಳೇ ಎಂಜಿನ್ ನಿಂತಲ್ಲೇ ಓಡಿದರೆ ಕುದಿಯುತ್ತದೆ ಅಂತ ಅವರ ಅಪ್ಪನಿಗೆ ಯಾರೂ ಹೇಳಿರಲಿಲ್ಲ.

ಹಿಲ್‌ಮನ್ನಿನ ರೇಡಿಯೇಟರ್ ಕಟ್ಟಿಹೋಗಿತ್ತು. ಅದನ್ನು ಸರಿಮಾಡುವ ಬದಲು ರಂಜನ್ ನನ್ನ ಹತ್ತಿರ ಬಂದ. ಟೆಂಪರೇಚರ್ ಮೀಟರಿನ ಮುಳ್ಳು ನಡುವೆ ನಿಂತುಬಿಡುವ ಹಾಗೆ ಮಾಡಿಕೊಡಿ ಅಂದ. ನಾನು ಆಗುದಿಲ್ಲ ಅಂದೆ. ಸುಳ್ಳು ಹೇಳುವ ಮೀಟರ್ ಬೇಕಾದ್ರೆ ಆಟದ ಸಾಮಾನಿನ ಅಂಗಡಿಯಲ್ಲಿ ಸಿಗ್ತದೆ ಅಂತಲೂ ಅಂದೆ. ಸರಿಯಾದ ಮೀಟರನ್ನೇ ಕೊಟ್ಟು ಕಳಿಸಿದೆ. ಪೂಜೆಯ ದಿನ ಎಂಜಿನ್ ಓಡುತ್ತಲೇ ಇತ್ತು, ಮುಳ್ಳು ನಡುವೆಯೇ ಇತ್ತು. ದೇವಸ್ಥಾನದ ದಾರಿಯಲ್ಲಿ ಫ್ಲೈಓವರ್ ಏರುವಾಗ ಎಂಜಿನ್ ಹಿಡಿದುಕೊಂಡು ನಿಂತೇಬಿಟ್ಟಿತು. ರಂಜನ್ ಅಲ್ಲೇ ಮೀಟರ್ ಬಿಚ್ಚಿ ಜೇಬಿಗೆ ಹಾಕಿಕೊಂಡ. "ಡೊಂಬಿವಲಿಯ ಹೆಂಗಸು ಮಾಡಿದ್ದು ರಾಯರೇ. ನಾನು ನಂಬಿ ಕೆಟ್ಟೆ," ಅಂದನಂತೆ.

ಅಷ್ಟಕ್ಕೇ ನಿಂತಿದ್ದರೆ ನುಂಗಿಕೊಳ್ಳುತ್ತಿದ್ದೆನೋ ಏನೋ. ಆ ವರ್ಷ ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವಕ್ಕೆ ರಾಯರೇ ಅತಿಥಿ. ಮೈಕ್ ಹಿಡಿದು, ನಮ್ಮವರು ನಮ್ಮವರಿಗೇ ಕೆಲಸ ಕೊಡಬೇಕು ಅಂತೆಲ್ಲ ಮಾತಾಡಿ, "ಆದ್ರೆ ಡೊಂಬಿವಲಿಯ ಒಬ್ಬ ಮೀಟರಮ್ಮನಿಗೆ ಮಾತ್ರ ಕೊಡಬೇಡಿ, ನನ್ನ ಎಂಜಿನ್ ಬೇಯಿಸಿ ಸಾಂಬಾರ್ ಮಾಡಿದ್ದಾರೆ," ಅಂದರು. ಸಭೆಯಿಡೀ ನಕ್ಕಿತು. ನಾನು ನಾಲ್ಕನೇ ಸಾಲಿನಲ್ಲಿದ್ದೆ. ಮುಂದಿನ ಡ್ಯಾನ್ಸಿಗೆ ಮುಖಕ್ಕೆ ಬಣ್ಣ ಹಚ್ಚಿಕೊಂಡ ನನ್ನ ಮಗಳು ಶ್ರೀಪ್ರಿಯಾ ಪರದೆಯ ಸಂದಿಯಿಂದ ನನ್ನನ್ನೇ ನೋಡುತ್ತಿದ್ದಳು. ಡ್ಯಾನ್ಸಿನ ನಡುವೆ ಹೆಜ್ಜೆ ಮರೆತು ನಿಂತಳು. ಆ ವರ್ಷದ ಮೇಲೆ ಅವಳು ಕುಣಿಯಲಿಲ್ಲ.

ಒಬ್ಬೊಬ್ಬರೇ ಗ್ಯಾರೇಜಿನವರು ಫೋನ್ ತೆಗೆಯುವುದು ಬಿಟ್ಟರು. ಗಾಲಾ ಹೋಯಿತು, ಮೇಜು ಮನೆಯ ಬಾಲ್ಕನಿಗೆ ಬಂತು, ನಾನು ಕ್ಯಾಂಟೀನಿಗೆ ಬಂದೆ. ಮದುವೆಮನೆಯಲ್ಲಿ ಸಿಕ್ಕವರು "ಎಂತ ಮೀಟರಮ್ಮ, ಆರಾಮಾ?" ಅಂತ ಕೇಳುತ್ತಾರೆ, ಈಗಲೂ. ಅವರಿಗೆ ಅದು ತಮಾಷೆ.

ಫೋನಿನಲ್ಲಿ ರಂಜನ್ ಇನ್ನೂ ಇದ್ದ. "ಅಕ್ಕ, ಒಂದೇ ಮಾತು. ಟೆಂಪರೇಚರ್ ಮುಳ್ಳು ನಡುವೆ ಬಂದು ನಿಲ್ಬೇಕು. ಇದರ ರೇಡಿಯೇಟರೂ ಕಟ್ಟಿದೆ, ಮುಳ್ಳು ಅಲ್ಲಿಂದ ಮೇಲೆ ಹೋಗುದು ಬೇಡ. ಕಳೆದ ಸಲ ನೀವು ಒಪ್ಪಲಿಲ್ಲ, ಮತ್ತೆ ನಾನೇ ಒಂದು ಪಿನ್ನು ಕೂರಿಸ್ಬೇಕಾಯ್ತು. ನನ್ನ ಕೈಗೆ ಆ ನಾಜೂಕು ಬರುದಿಲ್ಲ."

ಊಟಕ್ಕೆ ಉಪ್ಪು ಕಮ್ಮಿ ಅನ್ನುವಷ್ಟು ಹಗುರವಾಗಿ ಹೇಳಿದ. ಆರು ವರ್ಷ ನಾನು ಅನುಮಾನ ಅಂತ ಇಟ್ಟುಕೊಂಡಿದ್ದನ್ನು.

"ಈಗಲೂ ಒಪ್ಪದಿದ್ರೆ?"

"ಈಗ ನೀವು ಪೋಹೆ ಬಡಿಸ್ತಾ ಇದ್ದೀರಲ್ಲ," ಅಂದ. "ಒಪ್ತೀರಿ."

"ಕಳಿಸಿ," ಅಂದೆ.

ಫೋನ್ ರೆಕಾರ್ಡ್ ಮಾಡಬೇಕಿತ್ತು ಅಂತ ಶ್ರೀಪ್ರಿಯಾ ಆಮೇಲೆ ಬೈದಳು. ರೆಕಾರ್ಡ್ ಇದ್ದಿದ್ದರೂ ನಾನು ಯಾರಿಗೂ ಕೇಳಿಸುತ್ತಿರಲಿಲ್ಲ. ಕೇಳಿದವರು ಇಬ್ಬರ ಜಗಳ ಅಂದುಕೊಂಡು ಮುಂದೆ ಹೋಗುತ್ತಾರೆ. ನನಗೆ ಜಗಳ ಬೇಕಿರಲಿಲ್ಲ. ನಾನು ಸಭೆಯಲ್ಲಿ ಕೂತು ಬೆಂದ ಹಾಗೆ ಅವನು ನಾಲ್ಕು ಜನರೆದುರು ನಿಂತು ಬೇಯಬೇಕಿತ್ತು.

ಮೀಟರುಗಳು ಬಂದವು. ನಮ್ಮ ಊರಿನ ಕಡೆಯವರ ಕೈಯಲ್ಲಿದ್ದ ಕಾರು ಅಂತ ನೋಡಿದ ಕೂಡಲೇ ಗೊತ್ತಾಯಿತು. ವರ್ಷ ವರ್ಷ ಆಯುಧಪೂಜೆಗೆ ಗಾಜಿನ ಮೇಲೆ ಗಂಧ, ಕುಂಕುಮ ಇಡುತ್ತಾರಲ್ಲ, ಅದರ ನೀರು ಅಂಚಿನಿಂದ ಒಳಗಿಳಿದು ಡಯಲಿನ ಬುಡದಲ್ಲಿ ಕೆಂಪು ತುಕ್ಕಾಗಿ ಕೂತಿರುತ್ತದೆ. ದೇವರ ಹೆಸರಿನಲ್ಲಿ ಇವರು ಕೊಂದಷ್ಟು ಮೀಟರನ್ನು ಮುಂಬೈಯ ಮಳೆ ಕೊಂದಿಲ್ಲ. ಒಂದೊಂದೇ ಗಾಜು ತೆಗೆದೆ, ತುಕ್ಕು ಕೆರೆದೆ, ಡಯಲಿಗೆ ಹೊಸ ಕಪ್ಪು ಕೊಟ್ಟು ಅಂಕಿ ಬರೆದೆ. ಬಹಳ ದಿನವಾಗಿತ್ತು. ಮೊದಲೆರಡು ಅಂಕಿ ಒರೆಸಿ ಮತ್ತೆ ಬರೆದೆ, ಆಮೇಲೆ ಕೈಗೇ ನೆನಪಾಯಿತು.

ಟೆಂಪರೇಚರ್ ಮೀಟರಿನದ್ದು ಬೇರೆ ಲೆಕ್ಕ. ಅದಕ್ಕೊಂದು ಉದ್ದದ ತಾಮ್ರದ ಕೊಳವೆ, ಸೂಜಿಯಷ್ಟು ಸಣ್ಣದು. ಕೊಳವೆಯ ತುದಿಯ ಗುಂಡು ಎಂಜಿನ್ನಿನ ನೀರಿನಲ್ಲಿ ಮುಳುಗಿರುತ್ತದೆ, ಒಳಗೆ ಈಥರ್ ಅನ್ನುವ, ಬೇಗ ಹಾರುವ, ಬೇಗ ಹತ್ತಿಕೊಳ್ಳುವ ದ್ರವ. ನೀರು ಕಾದಂತೆ ಈಥರ್ ಹಿಗ್ಗಿ ಮುಳ್ಳನ್ನು ತಳ್ಳುತ್ತದೆ. ಕೊಳವೆ ಎಲ್ಲಾದರೂ ಒಡೆದರೆ ಈಥರ್ ಹಾರಿಹೋಗಿ ಮುಳ್ಳು ಸತ್ತಂತೆಯೇ. ಹೊಸ ಈಥರ್ ತುಂಬಿ ಬೆಸುಗೆ ಹಾಕುವ ತನಕ ಅದನ್ನು ಐಸಿನಲ್ಲಿ ಹುಗಿದಿಡಬೇಕು, ಇಲ್ಲವಾದರೆ ಅದೂ ಹಾರುತ್ತದೆ, ನಮ್ಮನ್ನೂ ಹಾರಿಸುತ್ತದೆ. ಅಷ್ಟು ಐಸು ಸಿಗುವುದು ಮೀನು ಮಾರ್ಕೆಟಿನಲ್ಲಿ. ನನ್ನ ಗಂಡ ಸಂದೇಶ ಕಲ್ಯಾಣದ ಒಂದು ಸಸ್ಯಾಹಾರಿ ಹೋಟೆಲಿನ ಗಲ್ಲೆಯಲ್ಲಿ ಕೂರುವವರು. ಮೂಗು ಮುಚ್ಚಿಕೊಂಡು ಬಕೆಟಿನಲ್ಲಿ ಐಸು ತಂದಿಟ್ಟು, "ಪಕ್ಕದ ಮನೆಯವರು ಬಾಂಗಡೆ ಎಷ್ಟಕ್ಕೆ ಸಿಕ್ತು ಅಂತ ಕೇಳಿದ್ರು ಮಾರಾಯ್ತಿ," ಅಂದರು.

"ಎಂತ ಹೇಳಿದ್ರಿ?"

"ತಾಜಾ ಉಂಟು ಅಂದೆ."

ಮುಳ್ಳು ಎದ್ದಿತು. ಗುಂಡನ್ನು ಕುದಿಯುವ ನೀರಿನಲ್ಲಿಟ್ಟರೆ ನೇರವಾಗಿ ಕೆಂಪು ಗೆರೆಗೆ ಹೋಗಿ ನಿಂತಿತು. ಈಗ ಅದನ್ನು ತಡೆಯಬೇಕಿತ್ತು. ಪೂರ್ತಿ ತಡೆದರೆ ರಂಜನ್ ಗೆದ್ದ. ತಡೆಯದಿದ್ದರೆ ಅವನು ಗ್ಯಾರೇಜಿನಲ್ಲೇ ಕಂಡುಹಿಡಿದು ತನ್ನ ಪಿನ್ನು ಕೂರಿಸುತ್ತಾನೆ. ಸ್ವಲ್ಪ ಹೊತ್ತು ಸುಳ್ಳು ಹೇಳಿ ಆಮೇಲೆ ಬಾಯಿಬಿಡುವ ಮೀಟರ್ ಬೇಕಿತ್ತು ನನಗೆ.

ತಲೆಯಿಂದ ಒಂದು ಬಿಳಿ ಕೂದಲು ಕಿತ್ತೆ. ಡಯಲಿನ ಹಿಂದೆ ಮುಳ್ಳನ್ನು ತಿರುಗಿಸುವ ಪುಟ್ಟ ಕಡ್ಡಿಗೆ ಅದರ ಒಂದು ತುದಿ ಗಂಟು ಹಾಕಿದೆ. ಇನ್ನೊಂದು ತುದಿಯನ್ನು ಒಳಗೋಡೆಗೆ ಶ್ರೀಪ್ರಿಯಾಳ ನೇಲ್ ಪಾಲಿಶ್‌ನಲ್ಲಿ ಅಂಟಿಸಿದೆ. ಸಾಸಿವೆಯಷ್ಟು ಹಚ್ಚಿದರೆ ನೀರು ಎಷ್ಟು ಕುದಿದರೂ ಬಿಡಲಿಲ್ಲ. ರಾಗಿಕಾಳಿನಷ್ಟು ಹಚ್ಚಿದರೆ ನಡುವೆ ಕೊಂಚ ಹೊತ್ತು ಹಿಡಿದು ನಿಂತಿತು, ಆಮೇಲೆ ಕೂದಲು ಜಾರಿ ಮುಳ್ಳು ಚಂಗನೆ ಕೆಂಪಿಗೆ ಹಾರಿತು. ಮತ್ತೆ ಅಂಟಿಸಿದೆ. ಮತ್ತೆ ಹಾರಿತು.

ಶ್ರೀಪ್ರಿಯಾ ಕಾಲೇಜಿನಿಂದ ಬಂದವಳು ಚಪ್ಪಲಿ ಕಳಚದೆ ನಿಂತು ನೋಡುತ್ತಿದ್ದಳು. ಅವಳಿಗೆ ನಮ್ಮ ಮಾತು ಪೂರ್ತಿ ಅರ್ಥವಾಗುತ್ತದೆ, ಬಾಯಿಗೆ ಬರುವುದು ಹೆಚ್ಚಾಗಿ ಹಿಂದಿ.

"ಮಮ್ಮಾ, ಯೇ ತೋ ವಹೀ ಹೈ ನಾ? ಅವತ್ತು ನೀನು ಮಾಡಲ್ಲ ಅಂದಿದ್ದು?"

"ಅಲ್ಲ. ಇದು ಬಿಡ್ತದೆ."

"ಔರ್ ನಹೀ ಛೋಡಾ ತೋ?"

ಬಿಡದಿದ್ದರೆ ರಾಯರ ಎಂಜಿನ್ ಮತ್ತೆ ಸಾಯುತ್ತದೆ. ಮೈಕಿನಲ್ಲಿ ಹೇಳಿದ್ದು ಆಗ ನಿಜವಾಗುತ್ತದೆ. ಅದನ್ನು ಅವಳಿಗೆ ಹೇಳಲಿಲ್ಲ. "ಅನ್ನಕ್ಕಿಡು ಹೋಗು," ಅಂದೆ.

ರಂಜನ್ ಗ್ಯಾರೇಜಿನಲ್ಲಿ ಮೀಟರ್ ಕೂರಿಸಿ, ಎಂಜಿನ್ ಓಡಿಸಿ, ವಿಡಿಯೋ ಕಾಲ್ ಮಾಡಿದ. ಮುಳ್ಳು ನಡುವೆ ನಿಂತಿತ್ತು. "ಪಿನ್ನೇ ಕಾಣುದಿಲ್ಲ ಅಲ್ವಾ ಅಕ್ಕ. ಎಲ್ಲಿ ಇಟ್ಟಿದ್ದೀರಿ?"

"ಕಂಡ್ರೆ ನಾಜೂಕು ಎಂತದ್ದು? ಹೆಚ್ಚು ಹೊತ್ತು ಓಡಿಸ್ಬೇಡಿ, ಎಂಜಿನ್ ಹೋಗ್ತದೆ."

"ನನಗೆ ಗೊತ್ತಿಲ್ವಾ," ಅಂತ ಬಂದ್ ಮಾಡಿದ. ಕುದಿಯುವ ಎಂಜಿನ್ನಿನ ಬಗ್ಗೆ ಅವನಿಗೆ ಅಷ್ಟು ಕಾಳಜಿ.

ಅಕ್ಷಯ ತೃತೀಯದ ದಿನ ನೌಪಾಡಾದಲ್ಲಿ ಚಿನ್ನದಂಗಡಿಗಳ ಮುಂದೆ ಕ್ಯೂ. ಬಿಸಿಲು ನೆತ್ತಿ ಒಡೆಯುವ ಹಾಗಿತ್ತು. ನಾನೂ ಶ್ರೀಪ್ರಿಯಾಳೂ ಹೋಗುವಾಗ ಆಸ್ಟಿನ್ ಹೋಟೆಲಿನ ಎದುರು ಸೇವಂತಿಗೆ ಹಾರ ಹಾಕಿಕೊಂಡು ಗುರುಗುಟ್ಟುತ್ತ ನಿಂತಿತ್ತು. ರಾಯರು ರೇಷ್ಮೆ ಪಂಚೆಯಲ್ಲಿದ್ದರು. ಸಂಘದವರು, ಹೋಟೆಲಿನವರು, ಕಾರಿನ ಹುಚ್ಚಿನ ನಾಲ್ಕಾರು ಮರಾಠಿಗರು ಸುತ್ತ ನಿಂತಿದ್ದರು. ರಂಜನ್ ನನ್ನನ್ನು ನೋಡಿ ಒಂದು ಗಳಿಗೆ ಪೆಚ್ಚಾದ, ಆಮೇಲೆ ಹತ್ತಿರ ಬಂದು ಪಿಸುಗುಟ್ಟಿದ. "ನೀವ್ಯಾಕೆ ಬಂದ್ರಿ?"

"ನನ್ನ ಕೆಲಸ ನೋಡ್ಲಿಕ್ಕೆ. ನೀವು ಹೆಸರು ಹೇಳುದಿಲ್ಲವಲ್ಲ, ಕಣ್ಣಲ್ಲಾದ್ರೂ ನೋಡ್ತೇನೆ."

ಭಟ್ರಿಗೆ ಅವಸರವಿರಲಿಲ್ಲ. ಗಣಪತಿಗೆ ಒಂದು ಸುತ್ತು, ನವಗ್ರಹಕ್ಕೆ ಒಂದು ಸುತ್ತು. ನಾನು ಚಾಲಕನ ಕಿಟಕಿಯ ಪಕ್ಕ ಜಾಗ ಹಿಡಿದೆ. ನಾನು ಬರೆದ ಡಯಲುಗಳು ಕಪ್ಪಗೆ ಹೊಳೆಯುತ್ತಿದ್ದವು. ಟೆಂಪರೇಚರ್ ಮುಳ್ಳು ನಡುವೆ ಬಂದು ನಿಂತಿತು. ನಿಂತೇ ಇತ್ತು. ನೀರಿಲ್ಲದೆ ಕಾಯುವ ಬಾಣಲೆಯಂಥ ವಾಸನೆ ಬಾನೆಟ್ಟಿನ ಸಂದಿಯಿಂದ ಬರತೊಡಗಿತು. ಸುತ್ತಲಿನವರಿಗೆ ಅದು ಕರ್ಪೂರದ ಹೊಗೆಯಲ್ಲಿ ಗೊತ್ತಾಗಲಿಲ್ಲ. ಮನೆಯಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಕೂದಲು ಯಾವಾಗಲೋ ಜಾರಿರುತ್ತಿತ್ತು.

ಶ್ರೀಪ್ರಿಯಾ ನನ್ನ ಕಿವಿಗೆ ಬಾಯಿಟ್ಟಳು. "ಮಮ್ಮಾ, ನೇಲ್ ಪಾಲಿಶ್ ಗುಲಾಬಿ ವಾಲಾ ಲಿಯಾ ಥಾ ಕ್ಯಾ? ವೋ ಲಾಂಗ್ ಸ್ಟೇ ಹೈ. ದಿನ ಹೋದ ಹಾಗೆ ಗಟ್ಟಿ ಆಗ್ತದೆ."

ಮನೆಯಲ್ಲಿ ನಾನು ಅಂಟಿಸಿ ಒಣಗಿದ ಕೂಡಲೇ ಪರೀಕ್ಷೆ ಮಾಡಿದ್ದೆ. ಇದು ವಾರವಿಡೀ ಒಣಗಿತ್ತು. ಫ್ಯಾಕ್ಟರಿಯಲ್ಲಿ ಹೊಸ ಹುಡುಗಿಯರು ಮಾಡುವ ತಪ್ಪು.

ಭಟ್ರು ಮಂಗಳಾರತಿಗೆ ಇನ್ನೂ ಬಂದಿರಲಿಲ್ಲ. ಕೂಗಿಬಿಡಲೇ? ಎಂಜಿನ್ ನಿಲ್ಲಿಸಿ, ಮೀಟರ್ ಸುಳ್ಳು ಹೇಳ್ತಾ ಉಂಟು, ಅದನ್ನು ನಾನೇ ಕಟ್ಟಿದ್ದೇನೆ ಅಂತ? ರಂಜನ್‌ಗೆ ಅದಕ್ಕಿಂತ ದೊಡ್ಡ ಉಡುಗೊರೆ ಬೇರೆ ಇಲ್ಲ. ಅವನು ನೆರಳಿನಲ್ಲಿ ನಿಂತು ಪಾನಕ ಕುಡಿಯುತ್ತಿದ್ದ. ನಾನು ಬಾಯಿ ತೆರೆದೆ ಕೂಡ.

ಅಷ್ಟರಲ್ಲಿ ಭಟ್ರು, "ಮುತ್ತೈದೆಯರು ಯಾರಾದ್ರೂ ಬಂದು ಗಾಡಿಗೆ ಕುಂಕುಮ ಹಚ್ಚಿ," ಅಂದರು.

ರಾಯರ ಹೆಂಡತಿ ವೇದಾವತಿಯವರು ಸ್ಟೀರಿಂಗಿಗೆ ಹಚ್ಚಿ ತಟ್ಟೆಯನ್ನು ಪಕ್ಕದಲ್ಲಿದ್ದ ನನಗೇ ಕೊಟ್ಟರು. ನಾನು ಕಿಟಕಿಯೊಳಗೆ ಕೈ ಹಾಕಿದೆ. ಸ್ಪೀಡೋಮೀಟರಿಗೆ ಒಂದು ಬೊಟ್ಟು, ಪೆಟ್ರೋಲ್ ಮೀಟರಿಗೆ ಒಂದು. ಟೆಂಪರೇಚರಿಗೆ ಬೊಟ್ಟು ಇಟ್ಟು, ಬೆರಳಿನ ಗೆಣ್ಣಿನಿಂದ ಗಾಜನ್ನು ಒಂದು ಸಲ ಕುಟ್ಟಿದೆ. ಫ್ಯಾಕ್ಟರಿಯಲ್ಲಿ ಅಂಟಿದ ಮುಳ್ಳಿಗೆ ಹಾಗೇ ಕುಟ್ಟುತ್ತಿದ್ದೆವು. ಏನೂ ಆಗಲಿಲ್ಲ. ಇನ್ನೊಮ್ಮೆ ಕುಟ್ಟಿದೆ, ಸ್ವಲ್ಪ ಜೋರಾಗಿ, ಆರು ವರ್ಷವನ್ನು ಸೇರಿಸಿ.

ಮುಳ್ಳು ಹಾರಿ ಕೆಂಪು ಗೆರೆಯ ಆಚೆ ಬಡಿದು ನಿಂತಿತು.

"ರಾಯರೇ," ಅಂದೆ, "ನಿಮ್ಮ ಕಾರು ಕುದೀತಾ ಉಂಟು."

ರಾಯರು ಬಗ್ಗಿ ನೋಡಿದರು. ರಂಜನ್ ಲೋಟ ಇಟ್ಟು ಓಡಿ ಬಂದ. ಮುಳ್ಳನ್ನು ನೋಡಿದ, ನನ್ನನ್ನು ನೋಡಿದ. ಅವನ ಬಾಯಿಗೆ ಹಳೇ ಮಾತೇ ಬಂತು. ಬರಲಿ ಅಂತಲೇ ನಾನು ಕಾದಿದ್ದೆ.

"ಗಾಡಿ ಐಸ್ ಹಾಗೆ ಉಂಟು ರಾಯರೇ. ಮೀಟರ್ ಹಾಳು. ಇವರೇ ಆ ಡೊಂಬಿವಲಿಯವರು. ಪಾಪ ಅಂತ ಮತ್ತೆ ಕೆಲಸ ಕೊಟ್ಟೆ ನೋಡಿ. ಅವತ್ತು ಮುಳ್ಳು ಮೇಲೆ ಹೋಗ್ಲಿಲ್ಲ, ಇವತ್ತು ಕೆಳಗೆ ಬರುದಿಲ್ಲ."

ಯಾರೋ ನಕ್ಕರು. ನನ್ನ ಹಿಂದೆ ಶ್ರೀಪ್ರಿಯಾ ಉಸಿರು ಎಳೆದುಕೊಂಡದ್ದು ಕೇಳಿಸಿತು.

"ಆಯ್ತು," ಅಂದೆ. "ನನ್ನ ಮೀಟರ್ ಸುಳ್ಳು, ಗಾಡಿ ತಣ್ಣಗುಂಟು. ಹಾಗಾದ್ರೆ ರಂಜನ್ ಅವ್ರೇ, ಬಾನೆಟ್ ಎತ್ತಿ ರೇಡಿಯೇಟರಿನ ಮುಚ್ಚಳ ತೆಗೀರಿ. ಬರಿಗೈಯಲ್ಲಿ."

ಕಾರು ಓಡಿಸಿದವರಿಗೆಲ್ಲ ಅದರ ಅರ್ಥ ಗೊತ್ತು. ಕುದಿಯುವ ರೇಡಿಯೇಟರಿನ ಮುಚ್ಚಳ ತಿರುಗಿಸಿದರೆ ಒಳಗಿನ ನೀರು ಹಬೆಯಾಗಿ ಮುಖಕ್ಕೇ ಬರುತ್ತದೆ, ಕೈಯ ಚರ್ಮ ಎದ್ದು ಬರುತ್ತದೆ. ಮರಾಠಿಗರಲ್ಲೊಬ್ಬರು ಎರಡು ಹೆಜ್ಜೆ ಹಿಂದೆ ಸರಿದರು.

"ಪೂಜೆಯ ನಡುವೆ ಎಂತದ್ದು ಇದೆಲ್ಲ," ಅಂದ ರಂಜನ್.

"ತೆಗೀರಿ ರಂಜನ್," ಅಂದರು ರಾಯರು. ಅವರ ದನಿಯಲ್ಲಿ ಕೋಪ ಇರಲಿಲ್ಲ, ಹೋಟೆಲಿನಲ್ಲಿ ಸಾಂಬಾರಿನ ರುಚಿ ನೋಡುವವರ ದನಿ. "ತಣ್ಣಗುಂಟು ಅಂದ್ರಲ್ಲ."

ರಂಜನ್ ಬಾನೆಟ್ ಎತ್ತಿದ. ಬಿಸಿ ಗಾಳಿ ನಮ್ಮ ತನಕ ಬಂತು. ಅವನು ಕೈ ಚಾಚಿದ. ಬೆರಳುಗಳು ಮುಚ್ಚಳದ ಮೇಲೆ ಗೇಣಷ್ಟು ಎತ್ತರದಲ್ಲಿ ನಿಂತವು. ಹಣೆಯಿಂದ ಬೆವರು ಒಂದು ಹನಿ ರೇಡಿಯೇಟರಿನ ಮೇಲೆ ಬಿದ್ದು ಚುರ್ ಅಂತು. ಮುಟ್ಟು, ಅಂದುಕೊಂಡೆ. ಭಟ್ರ ಎದುರು, ದೇವರ ಎದುರು, ಹಾಗೇ ಅಂದುಕೊಂಡೆ. ಮುಟ್ಟು.

"ಒಂದು ಬಟ್ಟೆ ಕೊಡಿ," ಅಂದ ಅವನು, ಯಾರನ್ನೂ ನೋಡದೆ.

"ತಣ್ಣಗಿದ್ದದ್ದಕ್ಕೆ ಬಟ್ಟೆ ಯಾಕೆ?" ಅಂದೆ.

ಅವನು ಕೈಯನ್ನು ಹಿಂದಕ್ಕೆ ಎಳೆದುಕೊಂಡು ಜೇಬಿಗೆ ಹಾಕಿಕೊಂಡ.

ರಾಯರು ಚಾಲಕನ ಬಾಗಿಲು ತೆಗೆದು, ಬಗ್ಗಿ, ತಾವೇ ಕೀ ತಿರುಗಿಸಿದರು. ಎಂಜಿನ್ ಕೆಮ್ಮಿ ನಿಂತಿತು. ಭಟ್ರು ಮಂತ್ರ ನಿಲ್ಲಿಸಿದರು. ಪೂಜೆಯ ನಡುವೆ ರಾಯರು ತಾವಾಗಿ ಗಾಡಿಯ ಉಸಿರು ನಿಲ್ಲಿಸಿದ್ದು ಅದೇ ಮೊದಲು. ವೇದಾವತಿಯವರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಎಂಜಿನ್ ನಿಂತರೂ ರೇಡಿಯೇಟರಿನೊಳಗೆ ನೀರು ಗಳಗಳ ಕುದಿಯುವುದು ಆ ಮೌನದಲ್ಲಿ ಎಲ್ಲರಿಗೂ ಕೇಳಿಸುತ್ತಿತ್ತು. ಅನ್ನದ ಪಾತ್ರೆಯ ಹಾಗೆ.

"ಹಿಲ್‌ಮನ್ನಿಗೂ ಹೀಗೇ ಆಗಿತ್ತಾ ರಂಜನ್?" ರಾಯರು ಕೇಳಿದರು.

ರಂಜನ್ ಫೋನ್ ತೆಗೆದು ಯಾರಿಗೋ ಮಾಡುವ ಹಾಗೆ ಮಾಡಿ, ಮಾತಾಡುತ್ತ ಮಾತಾಡುತ್ತ ಚಿನ್ನದಂಗಡಿಯ ಕ್ಯೂವಿನ ಆಚೆ ಹೋದ. ಅವನ ಪಾನಕದ ಲೋಟ ಮೆಟ್ಟಿಲ ಮೇಲೇ ಇತ್ತು.

ರಾಯರು ನನ್ನ ಕಡೆ ತಿರುಗಿದರು. "ಅಮ್ಮಾ, ತಪ್ಪಾಯ್ತು. ಎಲ್ಲ ಗ್ಯಾರೇಜಿನವರಿಗೂ ನಾನೇ ಫೋನ್ ಮಾಡಿ ಹೇಳ್ತೇನೆ, ನಿಮ್ಮ ಮೀಟರ್ ಸರಿ ಉಂಟು ಅಂತ. ಈಗ ಒಳಗೆ ಬನ್ನಿ, ಊಟ ಮಾಡಿ ಹೋಗಿ."

ದೊಡ್ಡ ಮನುಷ್ಯರು ತಪ್ಪಾಯ್ತು ಅಂದರೆ ನಾವು ಕರಗಬೇಕು ಅಂತ ಉಂಟಲ್ಲ. ನಾನು ಕರಗಲಿಲ್ಲ.

"ಫೋನ್ ಬೇಡ ರಾಯರೇ. ಅವತ್ತು ನೀವು ಮೈಕಿನಲ್ಲಿ ಹೇಳಿದ್ರಿ. ಇದನ್ನೂ ಮೈಕಿನಲ್ಲೇ ಹೇಳಿ, ಅದೇ ಹಾಲಿನಲ್ಲಿ. ನಾನು ನಾಲ್ಕನೇ ಸಾಲಿನಲ್ಲಿ ಕೂತಿರ್ತೇನೆ."

ಅವರು ಸುತ್ತ ನಿಂತ ಸಂಘದವರನ್ನು ನೋಡಿದರು. ಯಾರೂ ಅವರ ಸಹಾಯಕ್ಕೆ ಬರಲಿಲ್ಲ. "ಆಯ್ತು," ಅಂದರು.

"ಮತ್ತೆ ಆ ಮೀಟರ್ ಬಿಚ್ಚಿಸಿ ಕೊಡಿ. ಒಂದು ಸಣ್ಣ ಕೆಲಸ ಬಾಕಿ ಉಂಟು."

ಎಂಜಿನ್ ಆರಿದ ಮೇಲೆ ಮರಾಠಿಗರಲ್ಲೊಬ್ಬರು ಅದನ್ನು ಬಿಚ್ಚಿ ಕೊಟ್ಟರು. ಊಟಕ್ಕೆ ನಿಲ್ಲಲಿಲ್ಲ. ಡೊಂಬಿವಲಿಯ ಲೋಕಲ್‌ನಲ್ಲಿ ಹೇಗೋ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ತೊಡೆಯ ಮೇಲೆ ಕರ್ಚೀಫಿನಲ್ಲಿ ಸುತ್ತಿದ ಮೀಟರ್ ಇತ್ತು. ಒಳಗೆ ನನ್ನ ಕೂದಲು ಇನ್ನೂ ಇತ್ತು, ಮನೆಗೆ ಹೋದ ಕೂಡಲೇ ತೆಗೆಯಬೇಕು. ಗಾಜಿನ ಮೇಲಿನ ಕುಂಕುಮ ಅಷ್ಟರಲ್ಲೇ ಅಂಚಿಗೆ ಇಳಿಯತೊಡಗಿತ್ತು. ಸೆರಗಿನಿಂದ ಒರೆಸಿದೆ.

ಶ್ರೀಪ್ರಿಯಾ ಬಹಳ ಹೊತ್ತು ನನ್ನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಅಪರೂಪಕ್ಕೆ ಪೂರ್ತಿ ಕನ್ನಡದಲ್ಲೇ ಕೇಳಿದಳು. "ಖುಷಿ ಆಯ್ತಾ ಅಮ್ಮಾ?"

"ಆಯ್ತು," ಅಂದೆ. ರೈಲು ಪಾರಸಿಕ್ ಸುರಂಗದೊಳಗೆ ನುಗ್ಗಿತು. ಕತ್ತಲಲ್ಲಿ ಅವಳಿಗೆ ನನ್ನ ಮುಖ ಕಾಣುತ್ತಿರಲಿಲ್ಲ. ಅದಕ್ಕೇ ಉಳಿದದ್ದನ್ನೂ ಹೇಳಿದೆ.

"ಆದ್ರೆ ಅವನು ಮುಚ್ಚಳ ತೆಗೀಬೇಕಿತ್ತು."